ಕಳಬೇಡ, ಕಳಚಲೂಬೇಡ

ನೆನಪಿನ ಕಾಣಿಕೆಗೆ ನಮ್ಮಲ್ಲಿ ಒಂದು ಕ್ರಮ ಇದೆ. ವೇದಿಕೆ ಇರಬೇಕು, ಶಾಲು ಇರಬೇಕು, ಹಾಕಿದ ಹಾರವನ್ನು ಹಾಕಿದ ಕೂಡಲೇ ತೆಗೆದು ಮೇಜಿನ ಮೇಲಿಡುವ ವಿನಯ ಇರಬೇಕು. ಕೊನೆಗೆ ಪ್ಲಾಸ್ಟಿಕ್ ಕವರು ಬಿಚ್ಚದ ಒಂದು ಫಲಕವನ್ನು ಇನ್ನೊಬ್ಬರು ಕೈಗೆ ಕೊಡಬೇಕು. ಬೀದರ್ ಕಡೆಯ ಕಾರ್ಯಕ್ರಮವಾದರೆ ಫಲಕದ ಬದಲು ಬಿದರಿ ಹೂದಾನಿ. ಇಡೀ ವಿಧಿಯಲ್ಲಿ ಮುಖ್ಯ ಕ್ರಿಯಾಪದ ‘ಕೊಡು’. ಬಾಗಿಲು ಮುಚ್ಚಿ ಹತ್ತು ಹನ್ನೆರಡು ವರ್ಷವಾದ ಲಾಡ್ಜಿನ ಹಿಂದಿನ ಗೋಡೆ ಹಾರಿ, ಮೊಬೈಲ್ ಬೆಳಕಿನಲ್ಲಿ 204ನೇ ರೂಮಿನ ಚಾವಿಯನ್ನು ಜೇಬಿಗಿಳಿಸಿ, ಮನೆಗೆ ಬಂದು ‘ನೆನಪಿನ ಕಾಣಿಕೆ’ ಅನ್ನುವವರು ಮೊದಲು ಸಿಕ್ಕಿಬೀಳುವುದು ವ್ಯಾಕರಣದಲ್ಲಿ. ಕೊಟ್ಟವರೇ ಇಲ್ಲದ ಕಾಣಿಕೆಗೆ ಕನ್ನಡದಲ್ಲಿ ಬೇರೆ ಪದ ಇದೆ.

ಇಂಥ ಕಾಣಿಕೆ ಸಿಗುವ ಜಾಗವನ್ನು ‘ಪಾಳುಬಿದ್ದ ಹೋಟೆಲ್’ ಅಂದರೂ ನಮ್ಮ ಕಡೆ ಗೊಂದಲವೇ. ಕಲಬುರಗಿಯಲ್ಲಿ ಹೋಟೆಲ್ ಅಂದರೆ ಸುಸಲಾ, ಮಿರ್ಚಿ, ಚಹಾ. ಊಟಕ್ಕೆ ಖಾನಾವಳಿ, ಮಲಗಲು ಲಾಡ್ಜು. ಚಹಾದ ಹೋಟೆಲಿನವರು ಕಾಣಿಕೆಪ್ರಿಯರನ್ನು ಎಂದೋ ಅರ್ಥಮಾಡಿಕೊಂಡು ಸ್ಟೀಲ್ ಲೋಟದ ಅಂಚಿಗೆ ಚುಕ್ಕಿ ಮಷೀನಿನಿಂದ ಹೆಸರು ಕೆತ್ತಿಸಿದರು. ಆ ಲೋಟ ಯಾರ ಮನೆಗೆ ಹೋದರೂ ಬೀಗರಿಗೆ ನೀರು ಕೊಟ್ಟಾಗ ತಾನೇ ಬಾಯಿಬಿಡುತ್ತದೆ. ಲಾಡ್ಜಿನವರಿಗೆ ಅಷ್ಟು ಮುಂದಾಲೋಚನೆ ಇರಲಿಲ್ಲ. ಹಾಗಾಗಿ ಈ ಬರಹ ಲಾಡ್ಜುಗಳ ಬಗ್ಗೆ: ಬಸ್‌ಸ್ಟ್ಯಾಂಡ್ ಎದುರಿಗೆ, ಸ್ಟೇಷನ್ ರಸ್ತೆಯಲ್ಲಿ, ಹಳೇ ಹೆದ್ದಾರಿಯ ಮಗ್ಗುಲಲ್ಲಿ, ಶಟರಿನ ಮೇಲೆ ನಾಲ್ಕು ಚುನಾವಣೆಗಳ ಪೋಸ್ಟರ್ ಒಂದರ ಮೇಲೊಂದು ಅಂಟಿಸಿಕೊಂಡು ನಿಂತಿರುವ ಮೂರಂತಸ್ತಿನ ಕಟ್ಟಡಗಳ ಬಗ್ಗೆ.

ಇಂಥ ಲಾಡ್ಜುಗಳ ಕೌಂಟರಿನ ಹಿಂದೆ ಮೂರು ಚೌಕಟ್ಟು ಇರುವುದು ವಾಡಿಕೆ. ಒಂದರಲ್ಲಿ ಲಕ್ಷ್ಮಿ, ಇನ್ನೊಂದರಲ್ಲಿ ಡಬಲ್ ರೂಮಿನ ಬಾಡಿಗೆ ದರ, ಮೂರನೆಯದರಲ್ಲಿ ಏಳು ‘ಬೇಡ’ಗಳು. ಹನ್ನೆರಡನೇ ಶತಮಾನದಲ್ಲಿ ಇದೇ ಬೀದರ್ ಜಿಲ್ಲೆಯ ಕಲ್ಯಾಣದಿಂದ ಹೊರಟ ಆ ಪಟ್ಟಿಯ ಮೊಟ್ಟಮೊದಲ ಪದವೇ ‘ಕಳಬೇಡ’. ಪಾಳು ಲಾಡ್ಜಿಗೆ ಬಂದವರ ಕಣ್ಣು ಎಲ್ಲಕ್ಕಿಂತ ಮೊದಲು ಬೀಳುವುದೂ ಅದರ ಮೇಲೇ. ಹಳೇ ಲಿಪಿ, ತೇಗದ ಚೌಕಟ್ಟು, ಗಾಜಿನ ಒಳಗೆ ಹಳದಿಯಾದ ಕಾಗದ: ಮನೆಯ ಗೋಡೆಗೆ ಹೇಳಿ ಮಾಡಿಸಿದ್ದು. ಹಾಗೆಂದು ‘ಕಳಬೇಡ’ವನ್ನೇ ಮೊಳೆಯಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಕೇಳಿದರೆ ‘ಕಳಬೇಡ ಅಂದದ್ದು ನಿಜ, ಕಳಚಬೇಡ ಅಂದಿಲ್ಲವಲ್ಲ’ ಅನ್ನುವ ಪಂಡಿತರೂ ಉಂಟು.

ಕಾನೂನಿಗೆ ಈ ಶ್ಲೇಷೆ ಮೊದಲೇ ಗೊತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಕಳವಿನದು. ಅದರ ಮೊದಲ ವಿವರಣೆಯ ಸಾರ ಇಷ್ಟು: ನೆಲಕ್ಕೆ ಅಂಟಿಕೊಂಡಿರುವ ತನಕ ವಸ್ತು ಕಳವಿನ ಸರಕಲ್ಲ, ಬೇರ್ಪಡಿಸಿದ ಕೂಡಲೇ ಆಗುತ್ತದೆ. 1860ರ ದಂಡಸಂಹಿತೆಯಲ್ಲೂ ಇದೇ ಮಾತಿತ್ತು, ಅಲ್ಲಿ ಕೊಟ್ಟ ಉದಾಹರಣೆ ಮರ ಕಡಿಯುವುದು. ಲಾಡ್ಜಿನ ಭಾಷೆಗೆ ತಂದರೆ, ಗೋಡೆಯಲ್ಲಿರುವ ನಲ್ಲಿಯ ಮೇಲೆ ಕೈ ಇಟ್ಟರೆ ನೀವು ಪ್ರವಾಸಿ, ಒಂದು ಸುತ್ತು ತಿರುಗಿಸಿದರೆ ಪ್ಲಂಬರ್, ಕೊನೆಯ ಸುತ್ತು ಮುಗಿದು ನಲ್ಲಿ ಅಂಗೈಗೆ ಬಿತ್ತೋ ಆರೋಪಿ. ಕಳಚುವುದಕ್ಕೂ ಕಳುವುದಕ್ಕೂ ನಡುವೆ ಅರ್ಧ ಇಂಚಿನ ತಿರುಪಿನ ಮರೆ ಮಾತ್ರ.

ಶಿಕ್ಷೆ ಮೂರು ವರ್ಷದ ತನಕ. ಆದರೆ ಹೊಸ ಸಂಹಿತೆ ಒಂದು ದಯೆ ತೋರಿಸಿದೆ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಶಿಕ್ಷೆಯಾಗುತ್ತಿರುವುದು ಇದೇ ಮೊದಲ ಸಲವಾಗಿದ್ದು, ಮಾಲು ಅಥವಾ ಅದರ ಬೆಲೆ ಹಿಂದಿರುಗಿಸಿದರೆ, ಜೈಲಿನ ಬದಲು ಸಮುದಾಯ ಸೇವೆ. ಅಂದರೆ ಬಾತ್‌ರೂಮಿನ ನಲ್ಲಿ ಕಿತ್ತವರು ಎಲ್ಲೋ ಒಂದು ಸಾರ್ವಜನಿಕ ಬಾತ್‌ರೂಮು ತೊಳೆಯಬೇಕಾಗಿ ಬರಬಹುದು, ಲೆಕ್ಕ ಚುಕ್ತಾ. ಇಷ್ಟಕ್ಕೇ ನಿರಾಳವಾಗಬೇಡಿ. ಮನುಷ್ಯರ ವಾಸಕ್ಕೋ ಸಾಮಾನು ಕಾದಿಡಲಿಕ್ಕೋ ಬಳಸುವ ಕಟ್ಟಡದ ಒಳಗಿನ ಕಳವಿಗೆ 305ನೇ ಕಲಮು ಬೇರೆ ಇದೆ, ಅಲ್ಲಿ ಏಳು ವರ್ಷದ ತನಕ. ಬ್ಯಾಂಕಿನವರು ಸಾಮಾನು ಸಮೇತ ಬೀಗ ಜಡಿದ ಲಾಡ್ಜು ‘ಸಾಮಾನು ಕಾದಿಡುವ ಕಟ್ಟಡ’ ಹೌದೋ ಅಲ್ಲವೋ ಅಂತ ವಾದಿಸಲು ವಕೀಲರಿಗೆ ಕೊಡುವ ಫೀಜಿನಲ್ಲಿ ಹೊಸ ನಲ್ಲಿ ನಲವತ್ತು ಬರುತ್ತವೆ. ಇನ್ನು ತೆಗೆದುಕೊಂಡು ಹೋಗುವ ಉದ್ದೇಶ ಇಟ್ಟುಕೊಂಡೇ ಒಳಹೊಕ್ಕರೆ ಅದಕ್ಕೆ ಪ್ರತ್ಯೇಕ ಕಲಮು, 329. ಕಾಲು ಒಳಗಿಟ್ಟದ್ದಕ್ಕೊಂದು, ಕೈ ಚಾಚಿದ್ದಕ್ಕೊಂದು.

‘ಯಾರದೂ ಅಲ್ಲ ಬಿಡ್ರಿ, ಹಾಳ್ ಬಿದ್ದದ’ ಅನ್ನುವುದು ಈ ಕ್ಷೇತ್ರದ ಮೂಲಮಂತ್ರ. ನಿಜ ನೋಡಿದರೆ ಪಾಳು ಲಾಡ್ಜಿನಷ್ಟು ಮಾಲೀಕರಿರುವ ಆಸ್ತಿ ಊರಲ್ಲಿ ಇನ್ನೊಂದು ಸಿಗುವುದಿಲ್ಲ. ಕಟ್ಟಿಸಿದ ಹಿರಿಯರು ತೀರಿಕೊಂಡಿರುತ್ತಾರೆ. ಅಣ್ಣತಮ್ಮಂದಿರ ನಡುವೆ ಪಾಲು ಆಗಿರುವುದಿಲ್ಲ, 2005ರ ತಿದ್ದುಪಡಿಯ ನಂತರ ಅಕ್ಕತಂಗಿಯರಿಗೂ ಸಮಪಾಲು ಅಂತ ಅಳಿಯಂದಿರಿಗೆ ಜ್ಞಾಪಕ ಬಂದಿರುತ್ತದೆ. ಎರಡನೇ ಮಹಡಿಗೆ ತೆಗೆದ ಸಾಲ ಕಟ್ಟದೆ ಹೋದದ್ದಕ್ಕೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು ಕೊಟ್ಟು, ಆಮೇಲೆ ಸ್ವಾಧೀನದ ಪ್ರಕಟಣೆಯನ್ನು ಎರಡು ಪತ್ರಿಕೆಗಳಲ್ಲಿ ಹಾಕಿಸಿರುತ್ತದೆ. ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು ಅಂತ ನಿಯಮ, ಆದ್ದರಿಂದ ‘ನಮಗ ಇಂಗ್ಲಿಷ್ ಬರಲ್ರೀ’ ಅನ್ನುವ ನೆಪ ನಡೆಯುವುದಿಲ್ಲ.

ಇದು ಗೋಡೆಗಳ ಮಾತು. ಒಳಗಿನ ಸಾಮಾನಿನ ಕಥೆ ಇನ್ನೂ ಸ್ವಾರಸ್ಯ. ಅಡುಗೆಮನೆಯ ಮೂಲೆಯಲ್ಲಿರುವ 19 ಕಿಲೋದ ಖಾಲಿ ಸಿಲಿಂಡರು ಲಾಡ್ಜಿನವರದೇ ಅಲ್ಲ, ತೈಲ ಕಂಪನಿಯದು. ಲಾಡ್ಜಿನವರು ಇಟ್ಟದ್ದು ಠೇವಣಿ ಮಾತ್ರ. ಮೀಟರು ವಿದ್ಯುತ್ ಕಂಪನಿ ಜೆಸ್ಕಾಂನದು. ಕೌಂಟರಿನ ಪಕ್ಕದ ತಂಪುಪಾನೀಯದ ಫ್ರಿಜ್ಜು, ಖಾಲಿ ಬಾಟಲಿಯ ಕ್ರೇಟು ಸಾಮಾನ್ಯವಾಗಿ ಆ ಕಂಪನಿಯವು. ಟಿವಿಯ ಮೇಲಿನ ಡಬ್ಬಿ ಕೇಬಲ್‌ನವನದು, ಅವನು ಅದನ್ನು ಕೇಳಿಕೊಂಡು ಆರು ಸಲ ಬಂದು ಹೋಗಿರುತ್ತಾನೆ. ಬೀರುವಿನಲ್ಲಿ ಯಾರೋ ಬಿಟ್ಟುಹೋದ ಕನ್ನಡಕ ಆ ಗಿರಾಕಿಯದು. ಇವರೆಲ್ಲ ಇಲ್ಲ, ವಾರಸುದಾರರೇ ಇಲ್ಲ, ನಿಜವಾಗಿಯೂ ಯಾರದೂ ಅಲ್ಲ ಅಂತ ನೀವು ಸಾಬೀತು ಮಾಡಿದಿರಿ ಅನ್ನಿ. ಆಗ ಸಂವಿಧಾನದ 296ನೇ ವಿಧಿ ಎದ್ದು ನಿಲ್ಲುತ್ತದೆ: ವಾರಸುದಾರರಿಲ್ಲದ ಆಸ್ತಿ ಸರಕಾರದ್ದು. ‘ಯಾರದೂ ಅಲ್ಲ’ ಅನ್ನುವ ವಸ್ತು ಭಾರತದ ನಕ್ಷೆಯೊಳಗೆ ಹುಡುಕಿದರೂ ಸಿಗದು.

ಇನ್ನೊಂದು ಮಂತ್ರ ‘ಹೆಂಗೂ ಕೆಡವ್ತಾರ’. ಹೌದು, ಕೆಡವುತ್ತಾರೆ. ಆದರೆ ನಮ್ಮಲ್ಲಿ ಕಟ್ಟಡ ಕೆಡವಲು ಎಷ್ಟೋ ಸಲ ಮಾಲೀಕರು ದುಡ್ಡು ಕೊಡುವುದಿಲ್ಲ, ಕೆಡವುವ ಗುತ್ತಿಗೆದಾರನೇ ಮಾಲೀಕರಿಗೆ ಕೊಡುತ್ತಾನೆ. ಆತ ಒಂದು ಸುತ್ತು ಹಾಕಿ ಸಾಗವಾನಿ ಬಾಗಿಲು ಎಷ್ಟು, ಕಿಟಕಿ ಸರಳು ಎಷ್ಟು, ಫ್ಯಾನು, ನಲ್ಲಿ, ವೈರು, ಸ್ಲ್ಯಾಬಿನೊಳಗಿನ ಕಬ್ಬಿಣ ಎಷ್ಟು ಅಂತ ಕಣ್ಣಳತೆಯಲ್ಲೇ ಲೆಕ್ಕ ಕಟ್ಟಿ ಒಂದು ಮೊತ್ತ ಹೇಳುತ್ತಾನೆ. ನೀವು ಕಿತ್ತ ಒಂದು ಫ್ಯಾನು ಆ ಮೊತ್ತದಿಂದ ಕಳೆಯುತ್ತದೆ. ಬಂಗಾರಕ್ಕೂ ಭಂಗಾರಕ್ಕೂ, ಅಂದರೆ ಗುಜರಿಗೂ, ನಡುವೆ ಇರುವುದು ಒಂದು ಮಹಾಪ್ರಾಣ. ನಮ್ಮ ಕಡೆ ನಾಲಿಗೆ ಮಹಾಪ್ರಾಣವನ್ನು ಆಗಾಗ ನುಂಗುವುದರಿಂದ, ಭಂಗಾರದ ಅಂಗಡಿಯವರ ಮನೆ ಮಾತ್ರ ನಾಲ್ಕಂತಸ್ತು ಯಾಕೆ ಅಂತ ಯಾರೂ ಕೇಳುವುದಿಲ್ಲ.

ಈಗ ವಸ್ತುಗಳನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ನೀತಿಯ ಪಾಠಕ್ಕಿಂತ ಚುರುಕಾಗಿ ಬುದ್ಧಿ ಕಲಿಸುವುದು ಪಾನ, ಅಂದರೆ ಸ್ಪ್ಯಾನರು.

ಹಿತ್ತಾಳೆ ನಲ್ಲಿಗೆ ಬೇಡಿಕೆ ಹೆಚ್ಚು. ಹಳೇ ಕಾಲದ ಅರ್ಧ ಇಂಚಿನದು ಸುಮಾರು 400 ಗ್ರಾಂ ತೂಗುತ್ತದೆ, ಈಗಿನ ಪೊಳ್ಳು ನಲ್ಲಿಯ ಮುಂದೆ ಪೈಲ್ವಾನನಂತೆ ಕಾಣುತ್ತದೆ. ಆಗಿನ ಪ್ಲಂಬರ್ ಅದನ್ನು ಕೂರಿಸುವಾಗ ತಿರುಪಿನ ಮರೆಗೆ ಸಣಬು ಸುತ್ತಿ ಸಫೇದಾ ಅನ್ನುವ ಬಿಳಿ ಲೇಪ ಮೆತ್ತಿರುತ್ತಾನೆ. ಮೂವತ್ತು ವರ್ಷ ಬೋರಿನ ಗಡಸು ನೀರು ಹರಿದು ಅದರ ಮೇಲೆ ಸುಣ್ಣದ ಪದರ ಗಟ್ಟಿಯಾಗಿರುತ್ತದೆ. ನೀವು ಪಾನ ಹಾಕಿ ಎಡಕ್ಕೆ ತಿರುಗಿಸಿದಾಗ ನಲ್ಲಿ ತಿರುಗುವುದಿಲ್ಲ. ಗೋಡೆಯೊಳಗಿನ ಎಲ್ಬೋ ತಿರುಗುತ್ತದೆ. ಅದರ ಹಿಂದಿನ ಜಿಐ ಪೈಪಿನ ಸತುವಿನ ಲೇಪ ಎಂದೋ ಸವೆದು, ಕಬ್ಬಿಣ ಹಪ್ಪಳದಷ್ಟು ತೆಳ್ಳಗಾಗಿರುತ್ತದೆ. ಅದು ಟಪ್ ಅಂತ ಮುರಿಯುತ್ತದೆ. ಹತ್ತು ವರ್ಷ ಮುಚ್ಚಿದ ಲಾಡ್ಜಿನ ಮೇಲಿನ ನೀರಿನ ಟಾಕಿ ಖಾಲಿ ಇರುತ್ತದೆ ಅಂತ ನಿಮ್ಮ ನಂಬಿಕೆ. ಟಾಕಿಯ ಮುಚ್ಚಳ ಗಾಳಿಗೆ ಹಾರಿಹೋದ ವರ್ಷದಿಂದ ಪ್ರತಿ ಮಳೆಗಾಲವೂ ಅದನ್ನು ತುಂಬಿಸಿದೆ, ಪಾರಿವಾಳಗಳು ತಮ್ಮ ಪಾಲು ಸೇರಿಸಿವೆ. ಅದೆಲ್ಲ ಒಂದೇ ಸಲ ನಿಮ್ಮ ಅಂಗಿಯ ಮೇಲೆ ಬರುತ್ತದೆ. ಬರಗಾಲದ ಜಿಲ್ಲೆಯಲ್ಲಿ ನೀರು ಸಿಕ್ಕಿದ ಸಂತೋಷವೂ ಆಗುವುದಿಲ್ಲ. ಕೈಯಲ್ಲಿ ಉಳಿಯುವುದು ಅರ್ಧ ಎಲ್ಬೋ ಕಚ್ಚಿಕೊಂಡ ನಲ್ಲಿ. ಬಿಡಿಸಲು ಪ್ಲಂಬರ್ ಹತ್ತಿರ ಒಯ್ದರೆ ಅವನ ಮೊದಲ ಪ್ರಶ್ನೆ ‘ಇದ್ ಎಲ್ಲಿಂದ ಕಿತ್ತೀರಿ?’

ಕನ್ನಡಿ ಅದಕ್ಕಿಂತ ಮೋಸದ್ದು. ಗಾಜು ಪ್ರತಿ ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ. ನಾಲ್ಕಡಿ ಮೂರಡಿಯ 5 ಮಿ.ಮೀ. ಕನ್ನಡಿ ಸುಮಾರು 14 ಕಿಲೋ. ನಾಲ್ಕು ಮೂಲೆಯ ಸ್ಕ್ರೂ ಬಿಚ್ಚಿದರೆ ಬರುತ್ತದೆ ಅಂದುಕೊಂಡು ಮೂರು ಬಿಚ್ಚುತ್ತೀರಿ. ನಾಲ್ಕನೆಯದು ತುಕ್ಕು ಹಿಡಿದಿರುತ್ತದೆ. ಇಡೀ ಭಾರ ಅದೊಂದರ ತೂತಿನ ಮೇಲೆ ಬಿದ್ದು ಬಿರುಕು ಅಲ್ಲಿಂದಲೇ ಹೊರಟು ಕರ್ಣರೇಖೆಯಲ್ಲಿ ನಿಮ್ಮ ಕಡೆ ಬರುತ್ತದೆ. ಫ್ಯಾನಿನದು ಹೇಳುವುದೇ ಬೇಡ. ಏಣಿ ಇರುವುದಿಲ್ಲ, ಮಂಚದ ಮೇಲೆ ಟೀಪಾಯಿ, ಟೀಪಾಯಿ ಮೇಲೆ ನೀವು. ಕೊಕ್ಕೆಯ ಬೋಲ್ಟಿನ ಪಿನ್ನು ತೆಗೆದ ಮೇಲೆ ನೆನಪಾಗುತ್ತದೆ, 56 ಇಂಚಿನ ಫ್ಯಾನು ಹಿಡಿಯಲು ಎರಡು ಕೈ ಬೇಕು, ನೀವು ನಿಲ್ಲಲೂ ಒಂದು ಕೈ ಬೇಕು. ಮಂಚದ ಕಾಲಿಗೆ ಗೆದ್ದಲು ಹಿಡಿದ ವಿಷಯ ಆಮೇಲೆ ತಿಳಿಯುತ್ತದೆ.

ಬೆಂಗಳೂರಿನಿಂದ ಬಂದವರಿಗೆ ಮಾತ್ರ ನೆಲದ ಕಲ್ಲಿನ ಮೇಲೆ ಮೋಹ. ಶಹಾಬಾದಿನ ಕಲ್ಲು, ನಾವು ಪರಸಿ ಅನ್ನುವುದು, ಎರಡಡಿ ಚೌಕ, ಒಂದು ಇಂಚು ದಪ್ಪದ್ದು ಸುಮಾರು 25 ಕಿಲೋ. ಒಂದನ್ನು ಇಡಿಯಾಗಿ ಎಬ್ಬಿಸಬೇಕಾದರೆ ಪಕ್ಕದ ಎರಡು ಒಡೆಯಬೇಕು, ಎಬ್ಬಿಸಿದ ಕಲ್ಲಿನ ಕೆಳಗೆ ಚೇಳು ಸಂಸಾರ ಹೂಡಿರುತ್ತದೆ. ಇಡೀ ಜಿಲ್ಲೆಯ ಅಂಗಳ, ಹಿತ್ತಿಲು, ಬಚ್ಚಲಿಗೆಲ್ಲ ಹಾಸಿದ ಕಲ್ಲನ್ನು ಕದ್ದು ರೈಲಿನಲ್ಲಿ ಹೊತ್ತುಕೊಂಡು ಹೋಗುವವರಿಗೆ ಕಾನೂನಿಗಿಂತ ಮೊದಲು ಸೊಂಟ ಶಿಕ್ಷೆ ಕೊಡುತ್ತದೆ.

ಹಾಸಿಗೆ, ಚಾದರದ ತಂಟೆಗೆ ಹೋಗಲೇಬೇಡಿ. ಅದು ಬಂದದ್ದು ಸೊಲ್ಲಾಪುರದಿಂದ, ರೈಲಿನಲ್ಲಿ ಎರಡು ತಾಸಿನ ದಾರಿ, ಹೊಸದೇ ಅಗ್ಗಕ್ಕೆ ಸಿಗುತ್ತದೆ. ಹಳೆಯದರಲ್ಲಿ ತಿಗಣೆ ಇರಬಹುದು. ರಕ್ತವಿಲ್ಲದೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲ ಜೀವ ಅದು, ಅದರ ಮುಂದೆ ನಮ್ಮ ಶ್ರಾವಣದ ಉಪವಾಸ ಏನೂ ಅಲ್ಲ. ‘ಮೇ ತಿಂಗಳ ಕಲಬುರಗಿ ಬಿಸಿಲಿಗೆ ಒಗೆದರ ಸಾಯ್ತಾವ’ ಅನ್ನುವುದು ಅರ್ಧ ಸತ್ಯ. ಗಂಟು ಕಟ್ಟಿ ಬಿಸಿಲಿಗಿಟ್ಟರೆ ಮೇಲ್ಮೈ ಸುಡುತ್ತದೆ, ಅವು ಗಂಟಿನ ನಡುವಿನ ತಂಪಿಗೆ ಸರಿದು ಕೂರುತ್ತವೆ. 60 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿದರೆ ಮಾತ್ರ ಖಾತ್ರಿ.

ಹೋಲಿಸಿದರೆ ಚಾವಿ ನಿರುಪದ್ರವಿ. ಅದಕ್ಕೇ ಅದರ ಮೇಲೆ ಎಲ್ಲರ ಕಣ್ಣು. ಅದಕ್ಕೆ ಕಟ್ಟಿರುವ ಐದು ಸೆಂ.ಮೀ. ಅಗಲ, ಮೂರು ಮಿ.ಮೀ. ದಪ್ಪದ ಹಿತ್ತಾಳೆ ಬಿಲ್ಲೆ 50 ಗ್ರಾಂ ತೂಗುತ್ತದೆ. ಚಾವಿ ಹತ್ತು ಗ್ರಾಮಿನದು, ಅದಕ್ಕೆ ಐದು ಪಟ್ಟು ಬಿಲ್ಲೆ ಯಾಕೆ? ಗಿರಾಕಿಯ ಜೇಬು ಜೋತುಬಿದ್ದು, ಚಹಾಕ್ಕೆ ಹೊರಗೆ ಹೋಗುವಾಗ ಆತ ಬೇಸತ್ತು ಕೌಂಟರಿನಲ್ಲಿ ಕೊಟ್ಟುಹೋಗಲಿ ಅಂತ. ಅಂದರೆ ಕದಿಯದಿರಲಿ ಅಂತಲೇ ಮಾಡಿದ ವಸ್ತು ಈಗ ಕದಿಯುವವರಿಗೆ ಅಚ್ಚುಮೆಚ್ಚು. ಅಮೆರಿಕದ ಹಳೇ ಹೋಟೆಲುಗಳು ಬಿಲ್ಲೆಯ ಮೇಲೇ ‘ಯಾವ ಅಂಚೆ ಡಬ್ಬಿಗಾದರೂ ಹಾಕಿ, ಅಂಚೆ ವೆಚ್ಚ ನಮ್ಮದು’ ಅಂತ ಅಚ್ಚೊತ್ತಿಸುತ್ತಿದ್ದವು. ನಮ್ಮ ಲಾಡ್ಜಿನವರು ಅಂಚೆಯನ್ನು ಅಷ್ಟು ನಂಬಲಿಲ್ಲ, ಕೆಲವರು ಬಿಲ್ಲೆಯ ಬದಲು ಲಟ್ಟಣಿಗೆಯಷ್ಟು ದಪ್ಪದ ಮರದ ತುಂಡನ್ನೇ ಕಟ್ಟಿದರು.

ಈ ಬಿಲ್ಲೆಯನ್ನು ಮನೆಗೆ ತಂದವರು ಮಾಡುವ ಮೊದಲ ತಪ್ಪು ಹುಣಸೆಹಣ್ಣು. ದೇವರ ದೀಪದ ಸಮೆ ತಿಕ್ಕಿದ ಹಾಗೆ ಉಪ್ಪು ಹಾಕಿ ತಿಕ್ಕುತ್ತಾರೆ. ಎರಡು ನಿಮಿಷಕ್ಕೆ ಹೊಳಪು ಬರುತ್ತದೆ. ಆಸೆಗೆ ರಾತ್ರಿಯಿಡೀ ನೆನೆಹಾಕಿದರೆ ಹುಳಿ ಹಿತ್ತಾಳೆಯ ಮೈಮೇಲಿನ ಸತುವನ್ನು ತಿಂದು ತಾಮ್ರ ಉಳಿಸುತ್ತದೆ, ಬಿಲ್ಲೆ ಅಲ್ಲಲ್ಲಿ ಕೆಂಪು ಮಚ್ಚೆ ಬಂದು ಚರ್ಮರೋಗ ಹಿಡಿದಂತೆ ಕಾಣುತ್ತದೆ. ಜೊತೆಗೆ ಅಂಕಿಯ ಗೆರೆಯೊಳಗೆ ತುಂಬಿದ್ದ ಕಪ್ಪು ಬಣ್ಣವೂ ಹೋಗುತ್ತದೆ. 204 ಅಂತ ಓದಲಾಗದ ಬಿಲ್ಲೆ ಬರೀ 50 ಗ್ರಾಂ ಹಿತ್ತಾಳೆ. ಒಣ ಬಟ್ಟೆಯಲ್ಲಿ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕಿತ್ತು.

ಇವೆಲ್ಲಕ್ಕಿಂತ ಕೆಟ್ಟ ಕಾಣಿಕೆ ಒಂದಿದೆ, ಅದರಲ್ಲಿ ಒಂದು ಗುಂಜಿ ಲೋಹವಿಲ್ಲ. ಕೌಂಟರಿನ ಕೆಳಗಿನ ಉದ್ದನೆಯ ರಿಜಿಸ್ಟರು. ‘ಎಂಥಾ ಚಂದ ಅಕ್ಷರ ನೋಡ್ರಿ’ ಅಂತ ಎತ್ತಿಕೊಳ್ಳುವವರು ಒಳಗೇನಿದೆ ನೋಡಬೇಕು. ಶರಣಬಸವೇಶ್ವರ ಜಾತ್ರೆಗೆ ಬಂದ ಕುಟುಂಬ, ಬಂದೇನವಾಜ್ ಉರುಸಿಗೆ ಬಂದ ಹನ್ನೊಂದು ಜನ ಒಂದೇ ರೂಮಿನಲ್ಲಿ, 2008ರಲ್ಲಿ ಇಲ್ಲಿ ಹೈಕೋರ್ಟ್ ಸಂಚಾರಿ ಪೀಠ ಶುರುವಾದ ಮೇಲೆ ಕೇಸಿಗಾಗಿ ತಿಂಗಳಿಗೆರಡು ಸಲ ಬಂದ ರೈತ, ಆಸ್ಪತ್ರೆಗೆ ರೋಗಿಯನ್ನು ಕರೆತಂದವರು, ಮನೆಯಲ್ಲಿ ಹೇಳದೆ ಬಂದ ಜೋಡಿ. ಪ್ರತಿಯೊಬ್ಬರ ಹೆಸರು, ಊರು, ಫೋನು, ‘ಬಂದ ಕಾರಣ’ ಅನ್ನುವ ಕಾಲಂನಲ್ಲಿ ಎಲ್ಲರೂ ಒಂದೇ ಬರೆದದ್ದು: ‘ಸ್ವಂತ ಕೆಲಸ’. ಪುಟಗಳಿಗೆ ಆಧಾರ್ ಕಾರ್ಡಿನ ಜೆರಾಕ್ಸು ಪಿನ್ನು ಹೊಡೆದಿರುತ್ತದೆ. ನಲ್ಲಿ ಕದ್ದರೆ ಒಬ್ಬ ಮಾಲೀಕನಿಗೆ ನಷ್ಟ. ಇದನ್ನು ಹೊತ್ತು ತಂದು ಪುಟಗಳ ಫೋಟೋ ಹಂಚಿದರೆ ಸಾವಿರಾರು ಜನರ ‘ಸ್ವಂತ ಕೆಲಸ’ ಊರ ಕೆಲಸವಾಗುತ್ತದೆ. ನಮ್ಮ ತಕ್ಕಡಿಯಲ್ಲಿ ಹಿತ್ತಾಳೆಗಿಂತ ಈ ಕಾಗದವೇ ಭಾರ. ಕಂಡರೆ ಮುಟ್ಟಬೇಡಿ, ಸುಡಲೂಬೇಡಿ. ಮಾಲೀಕರಿಗೆ ತಿಳಿಸಿ, ಅಷ್ಟೆ.

ಕಾವಲುಗಾರನ ವಿಷಯ ಉಳಿಯಿತು. ಪಾಳು ಲಾಡ್ಜಿಗೂ ಒಬ್ಬ ಕಾವಲುಗಾರ ಇರುತ್ತಾನೆ, ಎದುರಿನ ಪಾನ್ ಡಬ್ಬಿಯ ಬೆಂಚಿನಲ್ಲಿ ಕೂತಿರುವುದರಿಂದ ನಿಮಗೆ ಕಾಣುವುದಿಲ್ಲ. ಸಂಭಾಷಣೆಯ ಧಾಟಿ ಹೆಚ್ಚುಕಡಿಮೆ ಹೀಗೆ:

‘ಏನ್ ಹುಡುಕ್ಲಾಕತ್ತೀರಿ ಸಾಹೇಬ್ರ?’

‘ಏನಿಲ್ಲ ಕಾಕಾ, ಸುಮ್ನ ನೋಡ್ಲಾಕ ಬಂದೀವಿ.’

‘ನೋಡ್ಲಾಕ ಕಣ್ಣು ಸಾಕು. ಪಾನ ಯಾಕ ತಂದೀರಿ?’

ಮುಂದೆ ಐವತ್ತು ರೂಪಾಯಿ ಚಹಾಕ್ಕೆ ಕೊಡುತ್ತೀರಿ, ಕಾಕಾ ‘ಒಂದ್ ತೊಗೊಂಡ್ ಹೋಗ್ರಿ, ಮಾಲಕರಿಗಿ ಹೇಳಬ್ಯಾಡ್ರಿ’ ಅನ್ನುತ್ತಾರೆ. ಅನುಮತಿ ಸಿಕ್ಕಿತು ಅಂತ ಬೀಗುತ್ತೀರಿ. ಆಳಿನ ವಶದಲ್ಲಿ ಇರುವುದು ಧಣಿಯ ವಶದಲ್ಲಿ ಇದ್ದಂತೆಯೇ ಅನ್ನುತ್ತದೆ ಅದೇ ಸಂಹಿತೆ. ಕೊಟ್ಟವನಿಗೆ ಕೊಡುವ ಅಧಿಕಾರ ಇದೆ ಅಂತ ನೀವು ಪ್ರಾಮಾಣಿಕವಾಗಿ ನಂಬಿದ್ದರೆ ಕಾನೂನು ನಿಮ್ಮ ಕಡೆ ಸ್ವಲ್ಪ ವಾಲೀತು. ಆದರೆ ‘ಮಾಲಕರಿಗಿ ಹೇಳಬ್ಯಾಡ್ರಿ’ ಅನ್ನುವ ಮಾತು ಕೇಳಿದ ಮೇಲೂ ಪ್ರಾಮಾಣಿಕವಾಗಿ ನಂಬಲು ವಿಶೇಷ ಪ್ರತಿಭೆ ಬೇಕು.

ಕಟ್ಟಡವೂ ಸುಮ್ಮನಿರುವುದಿಲ್ಲ. ಸ್ಲ್ಯಾಬಿನೊಳಗೆ ನೀರಿಳಿದು ಸರಳು ತುಕ್ಕು ಹಿಡಿದರೆ, ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ, ಜಾಗ ಸಿಗದೆ ಕೆಳಗಿನ ಕಾಂಕ್ರೀಟನ್ನು ಒದ್ದು ಬೀಳಿಸುತ್ತದೆ. ಛಾವಣಿಯಲ್ಲಿ ಸರಳು ಪಕ್ಕೆಲುಬಿನಂತೆ ಕಾಣುತ್ತಿದ್ದರೆ ಅದರ ಕೆಳಗೆ ನಿಂತು ಸೆಲ್ಫಿ ಬೇಡ. ಬಾವಲಿ, ಪಾರಿವಾಳದ ಹಿಕ್ಕೆ ಒಣಗಿ ಧೂಳಾದದ್ದನ್ನು ಕಸಬರಿಗೆಯಿಂದ ಗುಡಿಸಿದರೆ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿಯಬಹುದು. ಮಾಲೀಕರ ಒಪ್ಪಿಗೆಯಿಂದಲೇ ಹೋದರೂ ಎನ್‌95 ಮಾಸ್ಕು ಇರಲಿ, ನೀರು ಚಿಮುಕಿಸಿದ ಮೇಲೇ ಕೈ ಹಾಕಿ. ಅಂಗಳದ ಪರಸಿಗಳಲ್ಲಿ ಒಂದು ಸಂಪಿನ ಮುಚ್ಚಳವೂ ಇರುತ್ತದೆ, ಅದು ಯಾವುದು ಅಂತ ಹಣೆಪಟ್ಟಿ ಇರುವುದಿಲ್ಲ. ಉಕ್ರೇನಿನ ಪ್ರಿಪ್ಯಾತ್‌ನಲ್ಲಿ 1986ರಿಂದ ಖಾಲಿ ಬಿದ್ದ ‘ಪೊಲಿಸ್ಯಾ’ ಅನ್ನುವ ಹೋಟೆಲಿದೆ. ಅಲ್ಲಿಂದ ಒಂದು ಚಮಚ ತಂದರೂ ವಿಕಿರಣ ಅಳೆಯುವ ಗೇಟು ಊಳಿಡಬಹುದು. ನಮ್ಮ ಲಾಡ್ಜುಗಳಿಗೆ ಆ ಸೌಕರ್ಯವಿಲ್ಲ.

‘ಹಳೇ ಕಟ್ಟಡದಿಂದ ಒಂದ್ ಹಿಡಿ ಒಯ್ಯೂದೇ ತಪ್ಪೇನ್ರೀ’ ಅನ್ನುವವರಿಗೆ ಬೀದರಿನ ಎರಡು ಚಿತ್ರ. ಒಂದು, 1472ರ ಮಹಮೂದ್ ಗವಾನ್ ಮದರಸಾ. ಮುಂಭಾಗದ ಬಣ್ಣದ ಬಿಲ್ಲೆಗಳಲ್ಲಿ ಬಹುಪಾಲು ಉದುರಿಹೋಗಿ ಅಲ್ಲಲ್ಲಿ ಮಾತ್ರ ಉಳಿದಿವೆ, ಅದರಲ್ಲೊಂದು ಚೂರು ಜೇಬಿಗಿಳಿಸಿದರೆ 1958ರ ಸ್ಮಾರಕಗಳ ಕಾಯ್ದೆ ಎರಡು ವರ್ಷದ ತನಕ ಒಳಗೆ ಕೂರಿಸಬಹುದು. ಇನ್ನೊಂದು, ಬಿದರಿ ಕುಶಲಕರ್ಮಿ. ಸತು ಹದಿನಾರು ಪಾಲು, ತಾಮ್ರ ಒಂದು ಪಾಲು ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಕಪ್ಪು ಬರಿಸಲು ಆತನಿಗೆ ಕೋಟೆಯ ಮಣ್ಣೇ ಬೇಕು. ಬಿಸಿಲು ಮಳೆ ಕಾಣದ ಜಾಗದ ಮಣ್ಣು, ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸಿದ್ದು. ಅದಕ್ಕೆ ನವಸಾಗರ ಬೆರೆಸಿದ ಕುದಿನೀರಿನಲ್ಲಿ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹಳೇ ಕಟ್ಟಡದಿಂದ ಹಿಡಿ ಒಯ್ದು ಊರಿಗೆ ಹೆಸರು ತಂದವರು ಇವರು. ನಿಮಗೂ ಆ ಹಕ್ಕು ಬೇಕಿದ್ದರೆ ಮೊದಲು ಮಣ್ಣು ತಿಂದು ತೋರಿಸಿ.

ಇಷ್ಟೆಲ್ಲ ಹೇಳಿದ ಮೇಲೂ ಆ 204ರ ಚಾವಿ ಬೇಕೇ ಬೇಕು ಅನ್ನಿಸಿದರೆ ದಾರಿ ಇದೆ, ಉದ್ದವಿದೆ ಅಷ್ಟೆ. ಮೊದಲು ಶಟರಿನ ಮೇಲಿನ ಪೋಸ್ಟರ್ ನಡುವೆ ಇಣುಕುವ ನೋಟಿಸು ಓದಿ. ಬ್ಯಾಂಕಿನದಾದರೆ ಶಾಖೆ ಮತ್ತು ಅಧಿಕೃತ ಅಧಿಕಾರಿಯ ವಿವರ ಅದರಲ್ಲೇ ಇರುತ್ತದೆ, ಹರಾಜಿನ ದಿನ ಕೇಳಿಕೊಳ್ಳಿ. ನೋಟಿಸು ಇಲ್ಲದಿದ್ದರೆ ಪಕ್ಕದ ಜೆರಾಕ್ಸ್ ಅಂಗಡಿ. ಆ ಕುಟುಂಬದ ಎಲ್ಲ ಕೇಸಿನ ಕಾಗದ ಅಲ್ಲೇ ಪ್ರತಿ ಆಗಿರುತ್ತದೆ, ಅಂಗಡಿಯವನಿಗೆ ವಕೀಲರಿಗಿಂತ ಹೆಚ್ಚು ಗೊತ್ತಿರುತ್ತದೆ. ಅಲ್ಲೂ ಆಗದಿದ್ದರೆ ಪಾಲಿಕೆಯಲ್ಲಿ ಖಾತೆ ಯಾರ ಹೆಸರಲ್ಲಿದೆ ನೋಡಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿ. ನಮೂನೆ 16 ಬಂದರೆ ನೀವು ಕೇಳಿದ ಅವಧಿಯಲ್ಲಿ ಯಾವ ನೋಂದಣಿಯೂ ಇಲ್ಲ ಅಂತ ಅರ್ಥ. ನಮೂನೆ 15 ಬಂದರೆ ವ್ಯವಹಾರಗಳ ಪಟ್ಟಿ. ಲಾಡ್ಜಿನ ವಿಷಯದಲ್ಲಿ 15ಕ್ಕೇ ಸಿದ್ಧರಾಗಿರಿ.

ಆಮೇಲೆ ಒಂದೇ ಹಾಳೆಯ ಪತ್ರ. ‘204ನೇ ರೂಮಿನ ಚಾವಿ ಒಂದು, ಬಿಲ್ಲೆ ಸಮೇತ’ ಅಂತ ಖಚಿತವಾಗಿ ಬರೆಯಿರಿ. ‘ಏನಾದರೂ ಒಂದು ನೆನಪಿಗೆ’ ಅಂತ ಬರೆದರೆ ಅವರು ಹಳೇ ಕಮೋಡು ಕೊಟ್ಟಾರು. ಭಂಗಾರದ ಅಂಗಡಿಯ ಆವತ್ತಿನ ಹಿತ್ತಾಳೆ ದರದ ಮೇಲೆ ಸ್ವಲ್ಪ ಕೊಡುವುದಾಗಿ ಹೇಳಿ. ‘ಆಂಟಿಕ್’ ಅನ್ನುವ ಪದ ಮಾತ್ರ ಬಾಯಿಗೆ ಬರಬಾರದು, ಬಂದರೆ 50 ಗ್ರಾಮಿಗೆ ಲಕ್ಷ ಕೇಳುತ್ತಾರೆ. ಹೇಗೂ 1972ರ ಪ್ರಾಚ್ಯವಸ್ತು ಕಾಯ್ದೆಯ ಲೆಕ್ಕದಲ್ಲಿ ವಸ್ತುವಿಗೆ ನೂರು ವರ್ಷ ತುಂಬಿರಬೇಕು, ನಿಮ್ಮ ಲಾಡ್ಜು ದೂರದರ್ಶನದ ಕಾಲದ್ದು. ಅಣ್ಣತಮ್ಮಂದಿರ ವ್ಯಾಜ್ಯವಿದ್ದರೆ ಒಬ್ಬರ ಸಹಿ ಸಾಲದು, ಎಲ್ಲರದೂ ಬೇಕು. ಕೋರ್ಟು ಯಥಾಸ್ಥಿತಿ ಕಾಪಾಡಿ ಅಂದಿದ್ದರೆ ಎಲ್ಲರ ಸಹಿಯೂ ಸಾಲದು, ಆ ಚಾವಿ ಕೊಕ್ಕೆಯಿಂದ ಕೆಳಗಿಳಿಯುವಂತಿಲ್ಲ. ಕಟ್ಟಡ ಗುತ್ತಿಗೆದಾರನ ಕೈಗೆ ಹೋಗಿದ್ದರೆ ಸುಲಭ. ಅವನ ಅಡ್ಡಾಕ್ಕೆ ಹೋಗಿ, ಬಾಗಿಲುಗಳ ರಾಶಿಯ ನಡುವೆ ಹುಡುಕಿ, ಚೌಕಾಸಿ ಮಾಡಿ, ಬಿಲ್ಲು ಕೇಳಿ. ದೊಡ್ಡ ಹೋಟೆಲುಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ಲಂಡನ್ನಿನ ಸವಾಯ್ 2007ರಲ್ಲಿ ನವೀಕರಣಕ್ಕೆ ಬಾಗಿಲು ಹಾಕಿದಾಗ ಪೀಠೋಪಕರಣಗಳನ್ನು ಹರಾಜಿಗಿಟ್ಟು ಮಾರಿತು.

ಹಿಂದೆಂದೋ ತಂದದ್ದು ಈಗ ಮನಸ್ಸಿಗೆ ಚುಚ್ಚುತ್ತಿದ್ದರೆ? ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ 2012ರಲ್ಲಿ, ಹಿಂದೆ ಒಯ್ದದ್ದನ್ನು ಮರಳಿಸಿ, ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ ಅಂತ ಹಳೇ ಗಿರಾಕಿಗಳಿಗೆ ಕರೆ ಕೊಟ್ಟಿತ್ತು. ನಮ್ಮ ಪಾಳು ಲಾಡ್ಜಿನಲ್ಲಿ ಮರಳಿಸಿಕೊಳ್ಳಲು ಕೌಂಟರಿನಲ್ಲಿ ಯಾರೂ ಇಲ್ಲ. ತಂದಲ್ಲೇ ಇಡುತ್ತೇನೆ ಅಂದರೆ ಮತ್ತೆ ಗೋಡೆ ಹಾರಬೇಕು, ಈ ಸಲ ಕಾಕಾ ಪಾನ್ ಡಬ್ಬಿಯಲ್ಲಿ ಅಲ್ಲ, ಗೋಡೆಯ ಒಳಗೇ ಕೂತಿರುತ್ತಾರೆ. ಸ್ಪೀಡ್ ಪೋಸ್ಟಿನಲ್ಲಿ ವಾರಸುದಾರರಲ್ಲಿ ಹಿರಿಯರಿಗೆ ಕಳಿಸುವುದೇ ಸರಿ. ಆದರೆ ಉಳಿದವರು ‘ದೊಡ್ಡಣ್ಣ ಗುಟ್ಟಾಗಿ ಲಾಡ್ಜಿನ ಚಾವಿ ತರಿಸಿಕೊಂಡ’ ಅಂತ ಹೊಸ ಕೇಸು ಹಾಕದಂತೆ ಎಲ್ಲರಿಗೂ ಪತ್ರದ ಒಂದೊಂದು ಪ್ರತಿ.

ಇಷ್ಟೆಲ್ಲ ದಾಟಿ ಚಾವಿ ಕೈಗೆ ಬಂದಾಗ ರಸೀದಿ ತಪ್ಪದೆ ಬರೆಸಿಕೊಳ್ಳಿ: ದಿನಾಂಕ, ವಸ್ತು, ತೂಕ, ಕೊಟ್ಟ ಹಣ, ಎಲ್ಲರ ಸಹಿ. ಐದು ಸಹಿ, ಎರಡು ಸಾಕ್ಷಿ, ಒಬ್ಬರು ಹೆಬ್ಬೆಟ್ಟು ಒತ್ತಿದರೆ ಅದರ ಕೆಳಗೆ ಗುರುತಿಸಿದವರ ಹೆಸರು ಅಂತ ಅದು ಎರಡು ಪುಟವಾಗುತ್ತದೆ. ಚಾವಿಯನ್ನು ಹಾಲ್‌ನ ಗೋಡೆಗೆ ತೂಗುಹಾಕಿದ ದಿನ ಬೀಗರು ಬರುತ್ತಾರೆ, ಚಹಾ ಹೀರುತ್ತಾ ಮೇಲೆ ನೋಡುತ್ತಾರೆ. ‘ಬೆಸ್ಟ್ ಅದ ಬಿಡ್ರಿ. ಯಾವ ಲಾಡ್ಜಿನಾಗ ಹೊಡದೀರಿ?’ ರಸೀದಿ ತೋರಿಸಿದರೂ ಕನ್ನಡಕ ಮರೆತು ಬಂದಿರುತ್ತಾರೆ. ಹಾಗಾಗಿ ಫ್ರೇಮಿನವನ ಹತ್ತಿರ ಹೋಗುವಾಗ ಎರಡೂ ಒಯ್ಯಿರಿ. ಚಾವಿಗೆ ಆರಿಂಚು ಆರಿಂಚಿನ ಡಬ್ಬಿ ಸಾಕು. ರಸೀದಿಯ ಪುಟಗಳು ಪಕ್ಕಪಕ್ಕ ಕೂರಬೇಕಾದರೆ ಹದಿನೆಂಟು ಇಂಚು ಹನ್ನೆರಡು ಇಂಚು ಬೇಕು, ದಪ್ಪ ಗಾಜು ಹಾಕಿಸಿ. ಮೊಳೆ ಗಟ್ಟಿಯಾಗಿ ಹೊಡೆಯಿರಿ, ಯಾರೂ ಕಳಚದಂತೆ.